ಗಾದೆ ಫೈಲನ್ನ ಡೆಬಿಯನ್‌ನವರು ತಗೊಳ್ತಾರಾ?

ಪ್ರಶ್ನೆ: ಅಣ್ಣಾ, ನಾನು ಇಲ್ಲೇ ದಾವಣಗೆರೆಲಿ ಇಂಜಿನಿಯರಿಂಗ್ ಓದ್ತಿದೀನಿ. ಟರ್ಮಿನಲ್ ತೆಗೆದಾಗೆಲ್ಲ ಒಂದು ಗಾದೆನೋ ವಚನನೋ ಕಗ್ಗನೋ ಬರೋ ಹಂಗೆ ಫಾರ್ಚ್ಯೂನ್ ಅನ್ನೋ ಪ್ರೋಗ್ರಾಂಗೆ ಕನ್ನಡದ ಫೈಲ್ ಮಾಡಿದೀನಿ, ನಿಮಗೂ ಕಳ್ಸಿದೀನಿ ನೋಡಿ. ಡೆಬಿಯನ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಂನ ಆರ್ಕೈವ್‌ಗೆ, ಅಂದ್ರೆ ಅವರ ಸಾಫ್ಟ್‌ವೇರ್ ಭಂಡಾರಕ್ಕೆ, ಹಾಕ್ಬೇಕು ಅಂತಾಸೆ. ಕೆಲವು ಗಾದೆ ಸ್ವಲ್ಪ ಪೋಲಿ ಅದಾವೆ, ಅವನ್ನ ತಗೊಳ್ತಾರಾ? ಫ್ರೀಯಾಗೇ ಕೊಡ್ತಿದೀನಲ್ಲ, ಏನು ತೊಂದ್ರೆ?

ತಮ್ಮಾ, ನಿನಗೆ ಭಯ ಇರೋದು ಪೋಲಿ ಗಾದೆ ಮೇಲೆ, ಆದ್ರೆ ಮೊದ್ಲು ವಾಪಸ್ ಬರೋದು ಕಗ್ಗ.

ಡಿವಿಜಿ ತೀರ್ಕೊಂಡಿದ್ದು 1975ರಲ್ಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆಲಿ ಬರೆದವರು ಹೋದ ಮುಂದಿನ ವರ್ಷದಿಂದ 60 ವರ್ಷದ ಲೆಕ್ಕ, ಅಂದ್ರೆ 2035 ಮುಗಿಯೋ ತನಕ ಕಗ್ಗ ಎಲ್ರ ಸ್ವತ್ತಲ್ಲ, ದಿನಾ ಬೆಳಗ್ಗೆ ವಾಟ್ಸಾಪಲ್ಲಿ ಬರುತ್ತಲ್ಲ ಅಂದ್ರೆ ಅದು ಲೆಕ್ಕಕ್ಕಿಲ್ಲ. ನಮ್ಮ ಕಡೆಯವರು ಅಂತ ತರಾಸು ಅವರ ಸಾಲು ಸೇರ್ಸಿದ್ರೂ ಅಷ್ಟೇ, ಅವರು ಹೋಗಿದ್ದು 1984ರಲ್ಲಿ, 2044 ದಾಟ್ಬೇಕು. 12ನೇ ಶತಮಾನದ ವಚನಕ್ಕೆ ಈ ತಾಪತ್ರಯ ಇಲ್ಲ, ಸರ್ವಜ್ಞನ ತ್ರಿಪದಿಗೂ ಇಲ್ಲ, ಆದ್ರೆ ಅದರ ಕೆಳಗೆ ನೀನು ಒಂದೊಂದು ಸಾಲು ಅರ್ಥ ಹಾಕಿದೀಯಲ್ಲ, ಅದನ್ನ ಯಾವುದಾದ್ರೂ ಈಚಿನ ಪುಸ್ತಕದಿಂದ ಇಳಿಸ್ಕೊಂಡಿದ್ರೆ ಅದು ಆ ಪುಸ್ತಕದವರದ್ದು. ಗಾದೆನೂ ಹಂಗೇ. ಒಂದೊಂದೇ ಗಾದೆಗೆ ಯಾರೂ ಯಜಮಾನರಿಲ್ಲ, ಆದ್ರೆ ಯಾರೋ ಹತ್ತು ಊರು ಸುತ್ತಿ ಆರಿಸಿ ಜೋಡಿಸಿದ ಸಂಗ್ರಹನ ಇಡಿಯಾಗಿ ಎತ್ಕೊಂಡ್ರೆ ಕೇಳೋರು ಇರ್ತಾರೆ. ಅಜ್ಜಿ ಬಾಯಿಂದ ಕೇಳಿ ಬರ್ಕೊಂಡಿದ್ರೆ ಆರಾಮಾಗಿರು.

ಇದೆಲ್ಲ ಯಾರು ನೋಡ್ತಾರೆ ಅಂತ ಅನ್ಕೋಬೇಡ, ನೋಡ್ತಾರೆ. ಹೊಸ ಪ್ಯಾಕೇಜ್ ಮೊದ್ಲು ನ್ಯೂ ಅನ್ನೋ ಕ್ಯೂನಲ್ಲಿ ನಿಲ್ಲುತ್ತೆ, ಅದನ್ನ ನೋಡೋಕೇ ಅಂತ ಚಿಕ್ಕ ಟೀಮ್ ಐತೆ, ಕಾಪಿರೈಟ್ ಫೈಲಲ್ಲಿ ನೀನು ಬರೆದಿದ್ದಕ್ಕೂ ಒಳಗಿರೋದಕ್ಕೂ ತಾಳೆ ಆಗುತ್ತಾ ಅಂತ ನೋಡ್ತಾರೆ, ಆಗ್ಲಿಲ್ಲ ಅಂದ್ರೆ ರಿಜೆಕ್ಟ್.

ಇನ್ನು ನಿನ್ನ ರೀಡ್‌ಮಿಲಿ "ವ್ಯಾಪಾರಕ್ಕೆ ಬಳಸಬಾರದು" ಅಂತ ಒಂದು ಸಾಲು ಹಾಕಿದೀಯ. ಒಳ್ಳೆ ಮನಸ್ಸಿಂದಾನೇ ಹಾಕಿರ್ತೀಯ, ಗೊತ್ತು, ಆದ್ರೆ ಅದೊಂದೇ ಸಾಲು ಸಾಕು ಬಾಗ್ಲು ಮುಚ್ಚೋಕೆ. 1997ರಿಂದ ಡೆಬಿಯನ್ ಹತ್ರ ಒಂದು ಲಿಖಿತ ಅಳತೆಗೋಲು ಐತೆ, ಡಿಎಫ್‌ಎಸ್‌ಜಿ (ಡೆಬಿಯನ್ ಫ್ರೀ ಸಾಫ್ಟ್‌ವೇರ್ ಗೈಡ್‌ಲೈನ್ಸ್) ಅಂತಾರೆ, ಅದರ ಪ್ರಕಾರ ಯಾರು ಬೇಕಾದ್ರೂ ಹಂಚ್ಬಹುದು, ಮಾರ್ಬಹುದು, ತಿದ್ದಿ ಮತ್ತೆ ಹಂಚ್ಬಹುದು, ಇಂಥ ಕೆಲ್ಸಕ್ಕೆ ಬಳಸ್ಬೇಡ ಅನ್ನೋ ಹಂಗಿಲ್ಲ. ಕಂಪ್ಯೂಟರ್ ಅಂಗಡಿಯವನು ಪೆನ್‌ಡ್ರೈವಿಗೆ ಡೆಬಿಯನ್ ಹಾಕಿ ಇನ್ನೂರು ರೂಪಾಯಿಗೆ ಮಾರ್ತಾನೆ ಅಂದ್ಕೋ, ನಿನ್ನ ಆ ಸಾಲಿಂದ ಅವನು ತಪ್ಪಿತಸ್ಥ ಆಗ್ತಾನೆ. ನಮ್ಮ ಕಡೆ ಹೈಬ್ರಿಡ್ ಮೆಕ್ಕೆಜೋಳ ಗೊತ್ತಲ್ಲ, ಬೆಳೆ ಚೆನ್ನಾಗೇ ಬರುತ್ತೆ, ಅದೇ ಕಾಳು ಎತ್ತಿಟ್ಟು ಮುಂದಿನ ವರ್ಷ ಬಿತ್ತಿದ್ರೆ ಹಂಗೆ ಬರಲ್ಲ, ಮತ್ತೆ ಅಂಗಡಿಗೇ ಹೋಗ್ಬೇಕು. ಇವರಿಗೆ ಬೇಕಿರೋದು ಎತ್ತಿಟ್ಟು ಬಿತ್ತೋ ಬೀಜ. ನಾನ್-ಫ್ರೀ ಅಂತ ಪಕ್ಕದಲ್ಲೊಂದು ಕೋಣೆ ಐತೆ, ಆದ್ರೆ ಅದನ್ನ ಅವರು ಡೆಬಿಯನ್‌ನ ಭಾಗ ಅಂತಾನೇ ಒಪ್ಪಲ್ಲ, ಗಾದೆ ತಗೊಂಡೋಗಿ ಅಲ್ಲಿ ಯಾಕೆ ಇಡ್ತೀಯ.

ಈಗ ಪೋಲಿ ವಿಚಾರ. ಲೈಸೆನ್ಸಿಗೆ ಅಳತೆಗೋಲು ಐತೆ ಅಂದ್ನಲ್ಲ, ಇದಕ್ಕೆ ಇಲ್ಲ. 2014ರಲ್ಲಿ ಕೋಡ್ ಆಫ್ ಕಂಡಕ್ಟ್ ಅಂತ ಮಾಡ್ಕೊಂಡ್ರು, ಆದ್ರೆ ಅದು ಜನ ಹೆಂಗೆ ನಡ್ಕೋಬೇಕು ಅನ್ನೋದಕ್ಕೆ, ಪ್ಯಾಕೇಜ್ ಒಳಗೆ ಏನಿರ್ಬೇಕು ಅನ್ನೋದಕ್ಕಲ್ಲ. ಹಂಗಾಗಿ ಪ್ರತಿ ಸಲ ಜಗಳನೇ. ಸಿಪಿಯು ಬಿಸಿಯಾದಂಗೆಲ್ಲ ಚಿತ್ರದಲ್ಲಿರೋ ಹುಡುಗಿ ಬಟ್ಟೆ ಕಳಚೋ ಹಾಟ್-ಬೇಬ್ ಅನ್ನೋ ಪ್ರೋಗ್ರಾಂ ಸೇರಿಸ್ಬೇಕಾ ಅಂತ 2004ರಲ್ಲೇ ದೊಡ್ಡ ರಂಪ ಆಗಿತ್ತು.

ನಿನಗೆ ಇನ್ನೂ ಹತ್ರದ್ದು ಅಂದ್ರೆ ಫಾರ್ಚ್ಯೂನ್‌ದೇ ಕಥೆ. ಅದರಲ್ಲಿ ಮೊದ್ಲಿಂದನೂ ಅಸಭ್ಯ ಸಾಲುಗಳಿಗೆ ಬೇರೆ ಗುಂಪು ಇತ್ತು, ಹುಡುಕಾಡೋವಾಗ ಅಕಸ್ಮಾತ್ ಕಣ್ಣಿಗೆ ಬೀಳದಿರಲಿ ಅಂತ ಅಕ್ಷರನ 13 ಮನೆ ಮುಂದಕ್ಕೆ ತಳ್ಳಿ ಬಚ್ಚಿಡ್ತಿದ್ರು (ಇಂಗ್ಲಿಷಿನ 26 ಅಕ್ಷರದ ಲೆಕ್ಕ ಅದು, ನಮ್ಮ ಕಾಗುಣಿತದ ಮುಂದೆ ನಡೆಯಲ್ಲ). ಡೆಬಿಯನ್‌ನಲ್ಲಿ ಅಂಥವನ್ನ ಬೇಕು ಅಂದೋರು ಮಾತ್ರ ಹಾಕ್ಕೊಳ್ಳೋ ಪ್ರತ್ಯೇಕ ಪ್ಯಾಕೇಜ್ ಮಾಡಿದ್ರು. ಕೇಳಿ ಹಾಕ್ಕೊಂಡೋರಿಗೆ ನಿಮ್ಮದೇನು ಅಡ್ಡಿ ಅಂತ ಒಂದು ಕಡೆ, ನಿಮಗೆ ಓದೋ ಹಕ್ಕಿದ್ರೆ ನಮಗೆ ಹಂಚದೇ ಇರೋ ಹಕ್ಕಿಲ್ವಾ ಅಂತ ಇನ್ನೊಂದು ಕಡೆ, ಕೊನೆಗೆ ಈಚೆಗೆ ಆ ಪ್ಯಾಕೇಜನ್ನ ಕೈಬಿಟ್ರು. ನನಗೆ ಎರಡನೇ ಮಾತೇ ಸರಿ ಅನ್ಸುತ್ತೆ, ಬೇಕಾದೋರು ತಮ್ಮ ಜಾಗದಲ್ಲಿ ಇಟ್ಕೊಳ್ಳಿ, ಯಾರೂ ಕಿತ್ಕೊಂಡಿಲ್ವಲ್ಲ.

ನಿನ್ನ ಫೈಲನ್ನ ಮೊನ್ನೆ ಬೆಣ್ಣೆದೋಸೆ ಹೋಟ್ಲಲ್ಲಿ ಕೂತು ಓಡ್ಸಿದೆ. ಮೊದಲನೇದು ಅಲ್ಲಮನ ವಚನ, ಆಮೇಲೆ ಸೊಸೆ ಅತ್ತೆ ಗಾದೆ, ಪೋಲಿನೇ, ನಕ್ಕಿದ್ದಾಯ್ತು. ಮೂರನೇದು ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ. ಎದುರಿಗೆ ನಮ್ಮ ಆಫೀಸಿನ ಮೇಡಂ ಒಬ್ರು ಕೂತಿದ್ರು, ಎಂಟು ವರ್ಷದಿಂದ ಸರ್ವರ್ ನೋಡ್ಕೊಳ್ಳೋರು, ನಾನು ಎಡವಿದಾಗೆಲ್ಲ ಸರಿ ಮಾಡೋರು. ಓದಿದ್ರು, ಏನೂ ಅನ್ಲಿಲ್ಲ, ಚಟ್ನಿ ಕಡೆ ಕೈ ಚಾಚಿದ್ರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಇದೇ ಗಾದೆ ನಿಘಂಟಲ್ಲಿ ಇದ್ರೆ, ಹುಡುಕಿದೋರಿಗೆ ಸಿಗೋ ಹಂಗಿದ್ರೆ ನಾನು ತಕರಾರು ಮಾಡ್ತಿರ್ಲಿಲ್ಲ, ಜನ ಏನೇನು ಅಂತಿದ್ರು ಅನ್ನೋ ದಾಖಲೆ ಅದು. ಕೇಳದೇ ಬಂದು ಮುಖಕ್ಕೆ ರಾಚೋ ಪ್ರೋಗ್ರಾಂನಲ್ಲಿ ಮಾತ್ರ ಬೇಡ. ಹೊಟ್ಟೆ ಊಟ ಸಂಡಾಸು ಗಾದೆ ಇರ್ಲಿ ಬಿಡು. ಜಾತಿ ಹೆಸರು ಹಿಡಿದು ಆಡಿಕೊಳ್ಳೋವು, ಬೋಳಿ ರಂಡೆ ಅಂತ ಬರೋವು ತೆಗಿ, ಕಗ್ಗ ತೆಗಿ, ವಚನದ ಕೆಳಗಿನ ಅರ್ಥ ನಿನ್ನ ಮಾತಲ್ಲೇ ಬರಿ, ರೀಡ್‌ಮಿಲಿರೋ ಆ ಸಾಲು ಅಳಿಸಿ ಒಂದು ನೆಟ್ಟಗಿನ ಫ್ರೀ ಲೈಸೆನ್ಸ್ ಹಾಕು, ಉಳಿದಿದ್ದನ್ನ ಕಳ್ಸು. ಈ ಸಲ ಅವರ ಎದುರಿಗೇ ಓಡಿಸ್ತೀನಿ.