ಪದ ಪರಿಚಯ: ಗಟ್ ಲೋಡಿಂಗ್

ಹುಬ್ಬಳ್ಳಿಯ ಸಾಕುಪ್ರಾಣಿ ಅಂಗಡಿಯೊಂದರಲ್ಲಿ ಬಿಳಿ ಕ್ಯಾಲ್ಸಿಯಂ ಪುಡಿಯ ಡಬ್ಬಿಯ ಮೇಲೆ 'ಗಟ್ ಲೋಡ್ ಪೌಡರ್' ಎಂಬ ಚೀಟಿ ಅಂಟಿಸಿದ್ದನ್ನು ಕಂಡ ಮೇಲೆ ಈ ಪದದ ಬಗ್ಗೆ ಸುಮ್ಮನಿರುವುದು ಕಷ್ಟವಾಯಿತು. ಲೆಪರ್ಡ್ ಗೆಕ್ಕೊ ಎಂಬ ಹಲ್ಲಿಯನ್ನು ಸಾಕುವ ನಮ್ಮ ಕಡೆಯ ಹುಡುಗರು ಕೂಡ ಅದಕ್ಕೆ ತಿನ್ನಿಸುವ, ಮಿಡತೆಯಂಥ ಕ್ರಿಕೆಟ್ ಹುಳಗಳನ್ನು ಪುಡಿಯಲ್ಲಿ ಹೊರಳಾಡಿಸಿ 'ಗಟ್ ಲೋಡ್ ಮಾಡೇವ್ರಿ' ಎನ್ನುತ್ತಾರೆ. ಅವರು ಮಾಡಿದ್ದು ಡಸ್ಟಿಂಗ್, ಅಂದರೆ ಹುಳದ ಮೈಗೆ ಪುಡಿ ಹಚ್ಚುವುದು. ಗೆಕ್ಕೊಗೆ ಎರಡೂ ಬೇಕು; ಹಾಗೆಂದು ಎರಡೂ ಒಂದೇ ಅಲ್ಲ.

ಗಟ್ ಎಂದರೆ ಕರುಳೆಂದು ಎಲ್ಲರೂ ಬಲ್ಲರು, ಎಡವುವುದು ಲೋಡ್ ಎಂಬಲ್ಲಿ. ಇದರ ಮೂಲವಾದ ಹಳೆಯ ಇಂಗ್ಲಿಷಿನ 'ಲಾಡ್' ಪದಕ್ಕೆ ದಾರಿ, ಸಾಗಣೆ ಎಂಬ ಅರ್ಥಗಳಿದ್ದವು. ಹೊರೆ ಎಂಬ ಅರ್ಥ ಆಮೇಲೆ ಬೆಳೆದದ್ದು. ಆ ಹಳೆಯ ಅರ್ಥವೇ ಇಲ್ಲಿ ಹೆಚ್ಚು ಸರಿಹೊಂದುತ್ತದೆ, ಏಕೆಂದರೆ ಹುಳವು ಗೆಕ್ಕೊಗೆ ಆಹಾರವಾಗಿರುವಂತೆಯೇ, ತಾನು ತಿಂದದ್ದನ್ನು ಕರುಳಿನಲ್ಲಿ ಹೊತ್ತು ತಲುಪಿಸುವ ಗಾಡಿಯೂ ಆಗಿದೆ. ಅಮರಗೋಳದ ಎಪಿಎಂಸಿಯಲ್ಲಿ ಲಾರಿ ಲೋಡ್ ಆಗಿದೆ ಎಂದರೆ ಒಳಗೆ ಮಾಲು ತುಂಬಿದೆ ಎಂದೇ ಅರ್ಥ. ತಾಡಪತ್ರಿಯ ಮೇಲೆ ಕುಳಿತ ಧೂಳನ್ನು ಯಾವ ಹಮಾಲನೂ ಲೋಡ್ ಎನ್ನುವುದಿಲ್ಲ.

ಆದ್ದರಿಂದ ಗೆಕ್ಕೊಗೆ ಕೊಡುವ ಮೊದಲಿನ 24ರಿಂದ 48 ಗಂಟೆ ಹುಳಗಳಿಗೆ ಸತ್ವವುಳ್ಳ ಆಹಾರವನ್ನು ತಿನ್ನಿಸಿ, ಅದು ಅವುಗಳ ಕರುಳಿನಲ್ಲಿರುವಾಗಲೇ ಗೆಕ್ಕೊಗೆ ಉಣಿಸುವುದು ಗಟ್ ಲೋಡಿಂಗ್. ಗೆಕ್ಕೊಗೆ ರಂಜಕ 1 ಭಾಗವಿದ್ದರೆ ಕ್ಯಾಲ್ಸಿಯಂ 1.5ರಿಂದ 2 ಭಾಗ ಬೇಕು, ಕ್ರಿಕೆಟ್ ಹುಳದಲ್ಲಿಯೋ ರಂಜಕವೇ ಹಲವು ಪಟ್ಟು ಹೆಚ್ಚು. ಈ ಕೊರತೆ ಮುಂದುವರಿದರೆ ಗೆಕ್ಕೊದ ಮೂಳೆ ಮೆತ್ತಗಾಗಿ ಕಾಲು, ದವಡೆ ಸೊಟ್ಟಗಾಗುತ್ತವೆ.

ಗೆಕ್ಕೊಗೆ ಉಣಿಸುವ ಇನ್ನೊಂದು ಬಗೆಯ ಹುಳಗಳಾದ ಮೀಲ್‌ವರ್ಮ್‌ಗಳು ಗೋಧಿ ಬೂಸಾದಲ್ಲೇ ಬೆಳೆಯುತ್ತವಾದ್ದರಿಂದ ಅವು ತಾವಾಗಿಯೇ ಗಟ್ ಲೋಡ್ ಆಗಿರುತ್ತವೆ ಎಂದು ವಾದಿಸುವವರಿದ್ದಾರೆ. ಹೊಟ್ಟೆ ತುಂಬಿರುವುದೇನೋ ನಿಜ, ಆದರೆ ಬೂಸಾದಲ್ಲೂ ರಂಜಕದ್ದೇ ಮೇಲುಗೈ. ಇನ್ನು ಹಸಿರೆಲ್ಲ ಒಂದೇ ಎಂದು ಪಾಲಕ್ ಹಾಕುವವರು ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತದೆ ಎಂಬುದನ್ನು ಮರೆಯುತ್ತಾರೆ. ನುಗ್ಗಿ ತಪ್ಪಲು ಅದಕ್ಕಿಂತ ಎಷ್ಟೋ ಮೇಲು. ಆದರೂ ಸೊಪ್ಪೊಂದರಿಂದಲೇ ಲೆಕ್ಕ ಸರಿಹೋಗದು, ಕ್ಯಾಲ್ಸಿಯಂ ಸುಮಾರು ಶೇ. 8ರಷ್ಟಿರುವ ವಿಶೇಷ ಆಹಾರ ಬೇಕಾಗುತ್ತದೆ. ಅಂಥ ಆಹಾರವನ್ನೇ ದೀರ್ಘಕಾಲ ಕೊಟ್ಟರೆ ಹುಳಗಳು ಸಾಯತೊಡಗುವುದರಿಂದ ಗಡುವಿನ ಮಾತು ಮೇಲೆ ಬಂದಿದೆ.

ಗೆಕ್ಕೊ ಇರುವ ಗಾಜಿನ ಪೆಟ್ಟಿಗೆಯೊಳಗೆ ಗಜ್ಜರಿಯ ತುಂಡು ಇಡುವುದನ್ನೂ ಕೆಲವರು ಇದೇ ಹೆಸರಿನಿಂದ ಕರೆಯುತ್ತಾರೆ. ಆ ತುಂಡಿನ ಕೆಲಸ ಬೇರೆ. ತಿನ್ನದೆ ಉಳಿದ ಕ್ರಿಕೆಟ್ ಹುಳಗಳು ಹಸಿವಾದಾಗ ಗೆಕ್ಕೊವನ್ನೇ, ಅದರಲ್ಲೂ ಪೊರೆ ಬಿಡುತ್ತಿರುವ ಅಥವಾ ಅಶಕ್ತವಾಗಿರುವ ಗೆಕ್ಕೊವನ್ನು, ಕಚ್ಚುವುದುಂಟು. ಅದನ್ನು ತಪ್ಪಿಸಲು ಅವುಗಳ ಮುಂದೆ ಏನಾದರೂ ಇಟ್ಟಿರುತ್ತಾರೆ. ಅದಕ್ಕಿಂತ ಉಳಿದವನ್ನು ಹಿಡಿದು ಹೊರತೆಗೆಯುವುದೇ ಉತ್ತಮ. ರಾತ್ರಿಯಿಡೀ ಪೆಟ್ಟಿಗೆಯಲ್ಲಿ ಅಲೆದ ಹುಳದ ಮೈಮೇಲಿನ ಪುಡಿ ಉದುರಿರುತ್ತದೆ, ಕರುಳು ಬಹುಪಾಲು ಬರಿದಾಗಿರುತ್ತದೆ. ಬೆಳಗ್ಗೆ ಗೆಕ್ಕೊ ಅದನ್ನು ತಿಂದರೂ ಅದು ಗಟ್ ಲೋಡ್ ಮಾಡಿದ ಹುಳದ ಲೆಕ್ಕಕ್ಕೆ ಬರುವುದಿಲ್ಲ.