ಫೈನಲ್ ಡ್ರಾ ಆದರೂ ಟೋಕಿಯೊ ವೆರ್ಡಿ ಮೇಲಕ್ಕೆ ಹೋಗಿದ್ದು ಹೇಗೆ?

ಓದುಗರ ಪ್ರಶ್ನೆ: ಜಪಾನಿನ ಎರಡನೇ ಹಂತದ ಫುಟ್‌ಬಾಲ್ ಲೀಗ್ ಜೆ2ನಲ್ಲಿ 2023ರ ಪ್ಲೇಆಫ್ ಫೈನಲ್ 1-1ರಲ್ಲಿ ಮುಗಿಯಿತು. ಹೆಚ್ಚುವರಿ ಸಮಯ ಆಡಿಸಲಿಲ್ಲ, ಪೆನಾಲ್ಟಿ ಶೂಟೌಟೂ ಇರಲಿಲ್ಲ. ಆದರೂ ಟೋಕಿಯೊ ವೆರ್ಡಿ ಮೇಲಿನ ಜೆ1 ಲೀಗ್‌ಗೆ ಹೋಯಿತು, ಶಿಮಿಜು ಎಸ್-ಪಲ್ಸ್ ಅಲ್ಲೇ ಉಳಿಯಿತು. ಇದು ಯಾವ ನ್ಯಾಯ?

ಉತ್ತರ: ಲೀಗ್ ಪಟ್ಟಿಯಲ್ಲಿ ವೆರ್ಡಿ ಮೂರನೇ ಸ್ಥಾನದಲ್ಲಿತ್ತು, ಶಿಮಿಜು ನಾಲ್ಕನೇ ಸ್ಥಾನದಲ್ಲಿತ್ತು. ಜೆ2 ಪ್ಲೇಆಫ್‌ನಲ್ಲಿ ಆಟ ಸಮ ಆದರೆ ಪಟ್ಟಿಯಲ್ಲಿ ಮೇಲಿದ್ದ ತಂಡವೇ ಮುಂದಕ್ಕೆ ಹೋಗುತ್ತದೆ. ನಿಯಮ ಇಷ್ಟೇ.

ರಣಜಿ ನೋಡುವವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದವರು ಗೆದ್ದ ಹಾಗೆ ಅಲ್ವಾ? ಹಾಗೇ ಇದೂ. ಒಂದೇ ವ್ಯತ್ಯಾಸ. ರಣಜಿಯಲ್ಲಿ ಆ ಮುನ್ನಡೆಯನ್ನು ಅದೇ ಪಂದ್ಯದಲ್ಲಿ ಗಳಿಸಬೇಕು. ಜೆ2ನಲ್ಲಿ ಆ ವರ್ಷ ಅದನ್ನು ಫೆಬ್ರವರಿಯಿಂದ ನವೆಂಬರ್‌ವರೆಗೆ ಆಡಿ ಗಳಿಸಿದ್ದರು. 2023ರಲ್ಲಿ 22 ತಂಡಗಳಿದ್ದವು, ಒಂದೊಂದು ತಂಡವೂ 42 ಪಂದ್ಯ ಆಡಿತು.

ಹಾಗಾಗಿ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಬೇಕಾದರೆ ಫೈನಲ್‌ಗಿಂತ ಮೂರು ವಾರ ಹಿಂದಕ್ಕೆ ಹೋಗಬೇಕು. ನವೆಂಬರ್ 12, ಲೀಗ್‌ನ ಕೊನೆಯ ದಿನ.

ಮಾಚಿಡಾ ಜೆಲ್ವಿಯಾ ಅಷ್ಟರಲ್ಲಾಗಲೇ ಚಾಂಪಿಯನ್ ಆಗಿತ್ತು. ನೇರ ಬಡ್ತಿಗೆ ಉಳಿದಿದ್ದು ಎರಡನೇ ಸ್ಥಾನ ಒಂದೇ. ಅದಕ್ಕೆ ಮೂರು ತಂಡಗಳ ಪೈಪೋಟಿ. ಆ ದಿನ ಬೆಳಿಗ್ಗೆ ಶಿಮಿಜು ಬಳಿ 73 ಅಂಕ, ಜುಬಿಲೊ ಇವಾಟಾ ಮತ್ತು ವೆರ್ಡಿ ಬಳಿ ತಲಾ 72. ಅಂದರೆ ಚುಕ್ಕಾಣಿ ಶಿಮಿಜು ಕೈಯಲ್ಲೇ ಇತ್ತು. ಗೆದ್ದರೆ ಸಾಕು, ಬೇರೆ ಯಾರ ಫಲಿತಾಂಶವನ್ನೂ ನೋಡಬೇಕಿರಲಿಲ್ಲ.

ಶಿಮಿಜು ಆಡಿದ್ದು ಮಿಟೊ ಊರಿನಲ್ಲಿ, ಮಿಟೊ ಹಾಲಿಹಾಕ್ ವಿರುದ್ಧ. ಪಂದ್ಯ 1-1 ಡ್ರಾ. ಅದೇ ಹೊತ್ತಿಗೆ ಇವಾಟಾ ಗೆದ್ದಿತು, ವೆರ್ಡಿಯೂ ಗೆದ್ದಿತು. ಇಬ್ಬರದೂ 75 ಅಂಕ. ಗೋಲು ವ್ಯತ್ಯಾಸದಲ್ಲಿ ಮುಂದಿದ್ದ ಇವಾಟಾ ಎರಡನೇ ಸ್ಥಾನ ಹಿಡಿದು ನೇರವಾಗಿ ಮೇಲಕ್ಕೆ ಹೋಯಿತು. ವೆರ್ಡಿ ಮೂರನೆಯದು. 74 ಅಂಕದ ಶಿಮಿಜು ಒಂದೇ ಮಧ್ಯಾಹ್ನದಲ್ಲಿ ಎರಡರಿಂದ ನಾಲ್ಕಕ್ಕೆ ಇಳಿಯಿತು. ಆ ಡ್ರಾದಿಂದ ಶಿಮಿಜುಗೆ ಎರಡು ಪೆಟ್ಟು ಬಿತ್ತು. ನೇರ ಬಡ್ತಿ ಹೋಯಿತು. ಜೊತೆಗೆ, ಮುಂದೆ ಪ್ಲೇಆಫ್‌ನಲ್ಲಿ ವೆರ್ಡಿ ಎದುರು ಬಂದರೆ ಡ್ರಾ ಸಾಲದು ಅಂತಾಯಿತು.

ಪ್ಲೇಆಫ್ ಆಡುವುದು ಮೂರರಿಂದ ಆರನೇ ಸ್ಥಾನದವರೆಗಿನ ನಾಲ್ಕು ತಂಡಗಳು. ಮೂರನೆಯವರಿಗೆ ಆರನೆಯವರು ಎದುರಾಳಿ, ನಾಲ್ಕನೆಯವರಿಗೆ ಐದನೆಯವರು. ಸೆಮಿಫೈನಲ್ ನಡೆಯುವುದು ಪಟ್ಟಿಯಲ್ಲಿ ಮೇಲಿದ್ದವರ ಅಂಗಳದಲ್ಲಿ. ವೆರ್ಡಿ 2-1ರಿಂದ ಜೆಫ್ ಯುನೈಟೆಡ್ ಚಿಬಾವನ್ನು ಸೋಲಿಸಿತು. ಶಿಮಿಜು ಮತ್ತು ಮಾಂಟೆಡಿಯೊ ಯಮಗಾಟಾ ಪಂದ್ಯ 0-0. ಯಾರು ಫೈನಲ್‌ಗೆ ಹೋದರು? ಶಿಮಿಜು. ಯಾಕೆಂದರೆ ಯಮಗಾಟಾ ಐದನೇ ಸ್ಥಾನದಲ್ಲಿತ್ತು. ಒಂದು ಗೋಲೂ ಹೊಡೆಯದೆ ಶಿಮಿಜು ಫೈನಲ್ ತಲುಪಿದ್ದು ಇದೇ ನಿಯಮದಿಂದ. ಒಂದು ವಾರ ಕಳೆದ ಮೇಲೆ ಅದೇ ನಿಯಮ ಅವರಿಗೆ ತಿರುಗಿಬಿತ್ತು.

ಡಿಸೆಂಬರ್ 2, ಟೋಕಿಯೊದ ನ್ಯಾಷನಲ್ ಸ್ಟೇಡಿಯಂ. 53,264 ಜನ ಸೇರಿದ್ದರು. ಒಂದು ಕಡೆ ವೆರ್ಡಿಯ ಹಸಿರು, ಇನ್ನೊಂದು ಕಡೆ ಶಿಮಿಜುವಿನ ಕಿತ್ತಳೆ. ಎರಡೂ ಜಪಾನಿನ ವೃತ್ತಿಪರ ಲೀಗ್ ಶುರುವಾದಾಗ ಇದ್ದ ಹತ್ತು ಕ್ಲಬ್‌ಗಳ ಪೈಕಿ ಸೇರಿದವು. 1992ರಲ್ಲಿ ಲೀಗ್ ಕಪ್ ಫೈನಲ್ ಆಡಿದ್ದೂ ಇವೇ ಎರಡು ತಂಡಗಳು. ಆಗ 1-0ರಿಂದ ಗೆದ್ದಿದ್ದು ವೆರ್ಡಿ. 1993 ಮತ್ತು 1994ರಲ್ಲಿ ಲೀಗ್ ಚಾಂಪಿಯನ್ ಆದ ಅದೇ ವೆರ್ಡಿ 2008ರಲ್ಲಿ ಕೆಳಕ್ಕೆ ಇಳಿದಿದ್ದು, ಮತ್ತೆ ಮೇಲೆ ಬಂದೇ ಇರಲಿಲ್ಲ.

63ನೇ ನಿಮಿಷದವರೆಗೆ ಸ್ಕೋರ್ 0-0. ಫಲಕ ನೋಡಿದರೆ ಸಮಬಲ. ಆದರೆ ಕ್ರೀಡಾಂಗಣದಲ್ಲಿದ್ದ ಎಲ್ಲರಿಗೂ ಗೊತ್ತು, ಆಟ ಹೀಗೇ ಮುಗಿದರೆ ವೆರ್ಡಿ ಗೆದ್ದ ಹಾಗೆ. ಆಮೇಲೆ ವೆರ್ಡಿ ನಾಯಕ ಕೋಕಿ ಮೊರಿಟಾ ಅವರ ಕೈಗೆ ಚೆಂಡು ತಾಗಿ ಶಿಮಿಜುಗೆ ಪೆನಾಲ್ಟಿ ಸಿಕ್ಕಿತು. ಥಿಯಾಗೊ ಸಾಂಟಾನಾ ಗೋಲು ಹೊಡೆದರು. ಈಗ ಲೆಕ್ಕ ತಲೆಕೆಳಗಾಯಿತು. ಆದರೂ ವೆರ್ಡಿಗೆ ಬೇಕಾಗಿದ್ದು ಒಂದೇ ಗೋಲು, ಎರಡಲ್ಲ. ಶಿಮಿಜು ಮುಂದಿದ್ದರೂ ನೆಮ್ಮದಿ ಇಲ್ಲ. ಮಾಮೂಲಿ ನಾಕೌಟ್‌ನಲ್ಲಿ ಒಂದು ಗೋಲು ಬಿಟ್ಟುಕೊಟ್ಟರೆ ಹೆಚ್ಚುವರಿ ಸಮಯದಲ್ಲಿ ಸುಧಾರಿಸಿಕೊಳ್ಳಬಹುದು. ಇಲ್ಲಿ ಒಂದು ಬಿಟ್ಟರೆ ಕಥೆ ಮುಗಿಯಿತು.

90 ನಿಮಿಷ ಕಳೆದು ಇಂಜುರಿ ಟೈಮ್ ನಡೆಯುತ್ತಿತ್ತು. ವೆರ್ಡಿಯ ಇತ್ಸುಕಿ ಸೊಮೆನೊ ಚೆಂಡು ಹಿಡಿದು ಪೆನಾಲ್ಟಿ ಪೆಟ್ಟಿಗೆಯೊಳಗೆ ನುಗ್ಗಿದರು. ಶಿಮಿಜು ಡಿಫೆಂಡರ್ ಯೂಜಿ ತಕಹಾಶಿ ಜಾರಿಕೊಂಡು ಬಂದು ಕಾಲು ಹಾಕಿದರು. ಸೊಮೆನೊ ಬಿದ್ದರು. ಪೆನಾಲ್ಟಿ. ಗೋಲಿನಲ್ಲಿ ನಿಂತಿದ್ದವರು ಸಾಮಾನ್ಯರಲ್ಲ, 2022ರ ವಿಶ್ವಕಪ್‌ನಲ್ಲಿ ಜಪಾನ್ ಪರ ಗೋಲು ಕಾದ ಶುಯಿಚಿ ಗೊಂಡಾ. ಬಿದ್ದು ಎದ್ದ ಸೊಮೆನೊ ತಾವೇ ಚೆಂಡು ಇಟ್ಟುಕೊಂಡು ಹೊಡೆದರು. 96ನೇ ನಿಮಿಷ, 1-1. ಆ ಒಂದು ಹೊಡೆತಕ್ಕೆ ವೆರ್ಡಿ 16 ವರ್ಷಗಳ ನಂತರ ಜೆ1ಗೆ ಮರಳಿತು.

ಇನ್ನು ನ್ಯಾಯದ ಪ್ರಶ್ನೆ. ನಾನು ಈ ನಿಯಮದ ಪರವಾಗಿದ್ದೇನೆ, ಕಾರಣವೂ ಇದೆ. 2012ರಲ್ಲಿ ಪ್ಲೇಆಫ್ ಬರುವ ಮುಂಚೆ, 2009ರಿಂದ 2011ರವರೆಗೆ, ಜೆ2ನಲ್ಲಿ ಮೂರನೇ ಸ್ಥಾನ ಪಡೆದವರು ಸೀದಾ ಮೇಲಕ್ಕೆ ಹೋಗುತ್ತಿದ್ದರು. ಪ್ಲೇಆಫ್ ಬಂದ ಮೇಲೆ ಅವರ ಹಕ್ಕನ್ನು ನಾಲ್ವರಿಗೆ ಹಂಚಿದ ಹಾಗಾಯಿತು. ಆರನೇ ಸ್ಥಾನದವರು ಹತ್ತು ಅಂಕ ಹಿಂದಿದ್ದರೂ ಎರಡು ಒಳ್ಳೆಯ ದಿನ ಸಿಕ್ಕರೆ ಸಾಕು, ಜೆ1. ಮೊದಲ ವರ್ಷವೇ ಹಾಗಾಯಿತು. ಆರನೇ ಸ್ಥಾನದ ಓಯಿಟಾ ಟ್ರಿನಿಟಾ ಸೆಮಿಫೈನಲ್‌ನಲ್ಲಿ ಮೂರನೇ ಸ್ಥಾನದ ಕ್ಯೋಟೊವನ್ನು 4-0ರಿಂದ ಸೋಲಿಸಿ, ಫೈನಲ್‌ನಲ್ಲಿ ಚಿಬಾವನ್ನೂ 1-0ರಿಂದ ಮಣಿಸಿತು. ಮರುವರ್ಷ ಜೆ1ನಲ್ಲಿ ಗೆದ್ದಿದ್ದು ಎರಡೇ ಪಂದ್ಯ, ವಾಪಸ್ ಕೆಳಕ್ಕೆ ಬಂತು. ಇಡೀ ವರ್ಷ ಮೇಲೆ ನಿಂತವರಿಗೆ ಡ್ರಾದ ಅನುಕೂಲವೂ ಇಲ್ಲದಿದ್ದರೆ ಆ 42 ಪಂದ್ಯಗಳ ದುಡಿಮೆಗೆ ಬೆಲೆ ಏನು?

ಈ ಅನುಕೂಲ ಸುಮ್ನೆ ಗೆಲುವು ತಂದುಕೊಡುವುದೂ ಇಲ್ಲ. 2024ರ ಸೆಮಿಫೈನಲ್‌ಗಳನ್ನೇ ನೋಡಿ. ಮೂರನೇ ಸ್ಥಾನದ ನಾಗಾಸಾಕಿ ತನ್ನ ಅಂಗಳದಲ್ಲೇ 1-4ರಿಂದ ಸೆಂಡೈಗೆ ಸೋತಿತು. ನಾಲ್ಕನೇ ಸ್ಥಾನದ ಯಮಗಾಟಾ ಕೂಡ ತನ್ನೂರಲ್ಲೇ 0-3ರಿಂದ ಒಕಯಾಮಾಗೆ ಶರಣಾಯಿತು. ಡ್ರಾ ಸಾಕು ಅಂತ ಕೂತರೆ ಕಾಲು ಕಟ್ಟಿದ ಹಾಗಾಗುತ್ತದೆ. ಎದುರಿನವರಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ, ಮೈಮೇಲೆ ಬೀಳುತ್ತಾರೆ.

ಅದಕ್ಕೆ ಒಂದು ಪಂದ್ಯ ಹೇಳಲೇಬೇಕು. 2014ರ ನವೆಂಬರ್ 30, ಸೆಮಿಫೈನಲ್. ನಾಲ್ಕನೇ ಸ್ಥಾನದ ಇವಾಟಾ, ಆರನೇ ಸ್ಥಾನದ ಯಮಗಾಟಾ, ಆಟ ಇವಾಟಾ ಅಂಗಳದಲ್ಲಿ. ಇಂಜುರಿ ಟೈಮ್‌ನಲ್ಲೂ ಸ್ಕೋರ್ 1-1, ಅಂದರೆ ಇವಾಟಾ ಫೈನಲ್‌ಗೆ ಹೊರಟಾಗಿತ್ತು. ಯಮಗಾಟಾಗೆ ಒಂದು ಕಾರ್ನರ್ ಸಿಕ್ಕಿತು. ಗೋಲ್‌ಕೀಪರ್ ನೊರಿಹಿರೊ ಯಮಗಿಶಿ ತಮ್ಮ ಗೋಲನ್ನು ಖಾಲಿ ಬಿಟ್ಟು ಮೈದಾನದ ಆ ತುದಿಗೆ ಓಡಿದರು. ಚೆಂಡು ಹತ್ತಿರದ ಕಂಬದ ಕಡೆ ಬಂತು. ಯಮಗಿಶಿ ಅದಕ್ಕೆ ತಲೆ ತಾಗಿಸಿದರು. ಚೆಂಡು ದಿಕ್ಕು ಬದಲಿಸಿ ಆಚೆ ಮೂಲೆಯಲ್ಲಿ ಬಲೆ ಸೇರಿತು. ಗೋಲ್‌ಕೀಪರ್ ಹೊಡೆದ ಗೋಲಿನಿಂದ 2-1! ಯಮಗಾಟಾ ಫೈನಲ್ ಕೂಡ ಗೆದ್ದು ಜೆ1ಗೆ ಹೋಯಿತು. ಡ್ರಾ ಆದರೆ ಹೆಚ್ಚುವರಿ ಸಮಯ ಅನ್ನುವ ನಿಯಮ ಇದ್ದಿದ್ದರೆ ಯಾವ ಗೋಲ್‌ಕೀಪರ್ ಆ ಹೊತ್ತಿನಲ್ಲಿ ಗೋಲು ಬಿಟ್ಟು ಬರುತ್ತಾನೆ ಹೇಳಿ? ಆ ಓಟಕ್ಕೆ ಕಾರಣವೇ ಈ ನಿಯಮ.

ಮುಂದೆ ಏನಾಯಿತು ಅಂತ ಕೇಳುವವರಿಗೆ: ವೆರ್ಡಿ 2024ರಲ್ಲಿ ಜೆ1ನ ಮೊದಲ ಪಂದ್ಯವನ್ನು ನ್ಯಾಷನಲ್ ಸ್ಟೇಡಿಯಂನಲ್ಲೇ ಯೊಕೊಹಾಮಾ ಎಫ್. ಮರಿನೋಸ್ ವಿರುದ್ಧ ಆಡಿ 1-2ರಿಂದ ಸೋತಿತು. 1993ರಲ್ಲಿ ಜೆ ಲೀಗ್‌ನ ಮೊಟ್ಟಮೊದಲ ಪಂದ್ಯದಲ್ಲೂ ಇದೇ ಎದುರಾಳಿ, ಇದೇ ಸ್ಕೋರ್. ಆದರೆ ವರ್ಷದ ಕೊನೆಗೆ ವೆರ್ಡಿ ಆರನೇ ಸ್ಥಾನದಲ್ಲಿ ಗಟ್ಟಿಯಾಗಿ ನಿಂತಿತ್ತು.

ಶಿಮಿಜು ಜೆ2ನಲ್ಲೇ ಇನ್ನೊಂದು ವರ್ಷ ಆಡಿತು. 2023ರ 42 ಪಂದ್ಯಗಳಲ್ಲಿ ಅವರು 14 ಡ್ರಾ ಮಾಡಿಕೊಂಡಿದ್ದರು. 2024ರಲ್ಲಿ 38 ಪಂದ್ಯ, ಡ್ರಾ ಬರೀ 4. ಗೆದ್ದಿದ್ದು 26. ಪ್ಲೇಆಫ್ ಕಡೆ ತಿರುಗಿಯೂ ನೋಡದೆ ಚಾಂಪಿಯನ್ ಆಗಿ ಮೇಲಕ್ಕೆ ಹೋದರು.