ಮರುಕಥನ: ಪದ್ಯ ಹಳತು, ಅರ್ಥ ಹೊಸತು

ಕಾಗಕ್ಕ ಗುಬ್ಬಕ್ಕನ ಕಥೆಯನ್ನು ನಾನು ಕೇಳಿದ್ದು ಬದಿಯಡ್ಕದ ಹತ್ತಿರದ ಅಜ್ಜಿಮನೆಯ ಚಾವಡಿಯಲ್ಲಿ, ಆಟಿ ತಿಂಗಳ ಒಂದು ರಾತ್ರಿ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆಗೆ ಸಗಣಿ ಮನೆ ಕರಗಿಹೋಯಿತು. ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ಬಡಿದಳು. "ತಡಿ, ಮಗುವನ್ನು ಮೀಯಿಸ್ತಾ ಇದ್ದೇನೆ" ಎಂದಳು ಗುಬ್ಬಕ್ಕ. ಮತ್ತೆ ಬಡಿದಳು. "ತಡಿ, ಮಗುವಿಗೆ ಉಣಿಸ್ತಾ ಇದ್ದೇನೆ." ಇನ್ನೊಮ್ಮೆ ಬಡಿದಳು. "ತಡಿ, ತೊಟ್ಟಿಲು ತೂಗ್ತಾ ಇದ್ದೇನೆ." ಕಾದು ಕಾದು ಕಾಗಕ್ಕ ಹೊರಟೇ ಹೋದಳು. ಕಥೆ ಅಲ್ಲಿಗೆ ಮುಗಿಯಿತು.

"ಎಲ್ಲಿಗೆ ಹೋದ್ಳು ಅಜ್ಜಿ?"

"ಎಲ್ಲಿಗಾದ್ರೂ ಹೋಗಿರ್ಬಹುದು ಮಗಾ. ಮಲಗು ಈಗ."

ಹೊರಗೆ ಅಡಿಕೆ ತೋಟದ ಮೇಲೆ ಮಳೆ ಹೊಯ್ಯುತ್ತಲೇ ಇತ್ತು. ನನಗೆ ನಿದ್ದೆ ಬರಲಿಲ್ಲ. ಎಲ್ಲಿಗೆ ಹೋದಳು ಎಂಬ ಆ ಪ್ರಶ್ನೆಯನ್ನು ದೊಡ್ಡವರಾದ ಮೇಲೂ ಬಿಡದೆ, ಹಳೆಯ ಕಥೆಯೊಳಗೇ ನಿಂತು ಉತ್ತರ ಬರೆಯಲು ಹೊರಟರೆ ಹುಟ್ಟುವ ಬರಹಕ್ಕೆ ಮರುಕಥನ ಎಂದು ಹೆಸರು.

ಪದವನ್ನು ಬಿಡಿಸಿ ನೋಡಿದರೆ 'ಮರು' ಮತ್ತು 'ಕಥನ'. ಕಥನ ಎಂದರೆ ಕಥೆಯಲ್ಲ, ಹೇಳುವ ಕೆಲಸ. ಅನುವಾದದಲ್ಲಿ ಭಾಷೆ ಬದಲಾಗುತ್ತದೆ. ಕಾದಂಬರಿ ಸಿನಿಮಾ ಆದಾಗ ಮಾಧ್ಯಮ ಬದಲಾಗುತ್ತದೆ, ಅದನ್ನು ರೂಪಾಂತರ ಎನ್ನುತ್ತೇವೆ. ಮರುಕಥನದಲ್ಲಿ ಬದಲಾಗುವುದು ಹೇಳುವವರು ನಿಂತ ಜಾಗ. ಗುಬ್ಬಕ್ಕನ ಮನೆಯೊಳಗಿಂದ ಹೇಳಿದ ಕಥೆಯನ್ನು ಬಾಗಿಲ ಹೊರಗೆ ಒದ್ದೆಯಾಗುತ್ತ ಹೇಳುವುದು.

ಯಾವ ಕಥೆಯ ಮರುಕಥನ ಎಂಬಲ್ಲಿ ಇನ್ನೊಂದು ಪದದ ತೊಡಕಿದೆ. ಇಂಗ್ಲಿಷಿನ ಫೇರಿ ಟೇಲ್‌ಗೆ ಕನ್ನಡದಲ್ಲಿ ಕಿನ್ನರಕಥೆ, ಯಕ್ಷಿಣಿಕಥೆ ಎಂಬ ಪದಗಳು ಓಡಾಡುತ್ತವೆ. ಎರಡೂ ನನಗೆ ಹಿಡಿಸುವುದಿಲ್ಲ. ಯಕ್ಷಿ ಎಂದ ಕೂಡಲೇ ಕಾಸರಗೋಡಿನವರಾದ ನಮಗೆ ನೆನಪಾಗುವವಳು ಮಲಯಾಳದ ಕಥೆಗಳ ಪಾಲೆಮರದ ಯಕ್ಷಿ, ರಾತ್ರಿ ದಾರಿಹೋಕರನ್ನು ತಡೆದು ಸುಣ್ಣ ಕೇಳುವವಳು. ಫ್ರಾನ್ಸಿನ ಮದಾಂ ದೋನ್ವಾ ತನ್ನ ಸಂಕಲನವನ್ನು ಫೇರಿಗಳ ಕಥೆ ಎಂದು ಕರೆದದ್ದು 1697ರಲ್ಲಿ. ಆದರೆ ಆ ಹೆಸರಿನಡಿ ಈಗ ಬರುವ ಎಷ್ಟೋ ಕಥೆಗಳಲ್ಲಿ ಫೇರಿಯೇ ಇಲ್ಲ. ಕೆಂಪು ಟೋಪಿಯ ಹುಡುಗಿಯ ಕಥೆಯಲ್ಲಿರುವುದು ತೋಳ. ನಮ್ಮ 'ಅಜ್ಜಿಕಥೆ' ಇದಕ್ಕಿಂತ ಒಳ್ಳೆಯ ಪದ, ಯಾಕೆಂದರೆ ಅದು ಕಥೆಯೊಳಗಿನವರನ್ನು ಬಿಟ್ಟು ಹೇಳುವವರನ್ನು ಹಿಡಿದಿದೆ. ಮಲಯಾಳದವರೂ ಮುತ್ತಶ್ಶಿಕಥೆ ಎನ್ನುತ್ತಾರೆ, ಅದೂ ಅಜ್ಜಿಯೇ.

ಗೊತ್ತಿರುವ ಕಥೆಯನ್ನು ಮತ್ತೆ ಓದುವುದರಲ್ಲಿ ಏನು ಸುಖ ಎಂದು ಕೇಳುವವರಿಗೆ ನಾನು ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯನ್ನು ತೋರಿಸುತ್ತೇನೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲೇ ಅದಕ್ಕೆ ಅರ್ಥ ಹೇಳುತ್ತಾರೆ. ಪದ್ಯ ಬರೆದಿಟ್ಟದ್ದು, ಅರ್ಥ ಆ ಹೊತ್ತಿಗೆ ಹುಟ್ಟುವಂಥದ್ದು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಲ್ಲಿ ವಾಲಿ ಸಾಯುತ್ತಾನೆ ಎಂಬುದು ಎದುರಿಗೆ ಕುಳಿತ ಪ್ರತಿಯೊಬ್ಬರಿಗೂ ಗೊತ್ತು. ಆದರೂ ಮಳೆಗಾಲದಲ್ಲಿ ಕೊಡೆ ಹಿಡಿದು ಬಂದು ಕೂರುತ್ತಾರೆ. ಬಾಣ ನೆಟ್ಟ ವಾಲಿ ರಾಮನಲ್ಲಿ ಇವತ್ತು ಏನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದಕ್ಕೆ ಇವತ್ತಿನ ರಾಮ ಏನು ಹೇಳುತ್ತಾನೆ, ಅದಕ್ಕಾಗಿ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ನಮ್ಮ ಹಿರಿಯರು ಇಂದಿಗೂ ಅದರ ಮಾತೆತ್ತುತ್ತಾರೆ. ಕಥೆ ಗೊತ್ತಿಲ್ಲದವನಿಗೆ ಆ ಮಾತಿನ ಅರ್ಧ ರುಚಿಯೂ ಸಿಗದು. ಮರುಕಥನದ ಓದುಗನೂ ಹಾಗೆಯೇ: ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೊಸದನ್ನು ಓದುತ್ತಾನೆ. ಎರಡೂ ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಅವನ ಕಿವಿ ನಿಮಿರುತ್ತದೆ.

ಆದರೆ ಪುರಾಣಕ್ಕೂ ಅಜ್ಜಿಕಥೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ವಾಲಿಗೆ ಹೆಸರಿದೆ, ವಂಶವಿದೆ, ಸಿಟ್ಟಿಗೆ ಕಾರಣವಿದೆ. ಅಜ್ಜಿಕಥೆಯ ರಾಜಕುಮಾರಿಗೆ ಎಷ್ಟೋ ಸಲ ಹೆಸರೂ ಇಲ್ಲ. ಅವಳು ಕಾಡಿಗೆ ಹೋದಳು, ಅತ್ತಳು, ಮದುವೆಯಾದಳು. ಅಳುವಾಗ ಏನನ್ನು ನೆನೆದಳು ಎಂದು ಕಥೆ ಹೇಳುವುದಿಲ್ಲ. ಯೂರೋಪಿನ ಜನಪದ ಕಥೆಗಳ ಬಗ್ಗೆ 1947ರಲ್ಲಿ ಪುಸ್ತಕ ಬರೆದ ಸ್ವಿಸ್ ವಿದ್ವಾಂಸ ಮ್ಯಾಕ್ಸ್ ಲೂಥಿ ಇದನ್ನೇ ಅವುಗಳ ಮುಖ್ಯ ಗುಣವೆಂದು ತೋರಿಸಿದ: ಪಾತ್ರಗಳಿಗೆ ಒಳಮನಸ್ಸಿನ ಆಳವಿಲ್ಲ. ಅದು ಅಜ್ಜಿಕಥೆಯ ಕೊರತೆಯಲ್ಲ. ಕೇಳುವ ಮಗು ತನ್ನನ್ನೇ ಅಲ್ಲಿ ಕೂರಿಸಿಕೊಳ್ಳಲಿ ಎಂದು ಬಿಟ್ಟ ಖಾಲಿ ಜಾಗ ಅದು. ಕಾದಂಬರಿಕಾರರು ಬಂದು ಕೂರುವುದೂ ಅಲ್ಲಿಯೇ.

ಫ್ರಾನ್ಸಿನ ಲೇಖಕ ಶಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ನೀಲಿಗಡ್ಡದವನ ಕಥೆ ನೋಡಿ. ತೆರೆಯಬಾರದೆಂದ ಕೋಣೆಯನ್ನು ಹೆಂಡತಿ ತೆರೆಯುತ್ತಾಳೆ, ಒಳಗೆ ಹಿಂದಿನ ಹೆಂಡಿರ ಹೆಣಗಳು. ಗಂಡ ಕತ್ತಿ ಎತ್ತುವ ಹೊತ್ತಿಗೆ ಅವಳ ಅಣ್ಣಂದಿರು ಬಂದು ಉಳಿಸುತ್ತಾರೆ. 1979ರಲ್ಲಿ ಇಂಗ್ಲಿಷ್ ಲೇಖಕಿ ಏಂಜೆಲಾ ಕಾರ್ಟರ್ ಇದನ್ನು ಮತ್ತೆ ಹೇಳಿದಾಗ ಕುದುರೆ ಏರಿ ಬಂದು ಗುಂಡು ಹಾರಿಸಿದವಳು ಹುಡುಗಿಯ ತಾಯಿ. ಮಗಳನ್ನು ಕೊಟ್ಟ ತಾಯಿ ಆಗ ಎಲ್ಲಿದ್ದಳು ಎಂದು ಯೋಚಿಸಲು ಹಳೆಯ ಕಥೆಗೆ ಪುರುಸೊತ್ತಿರಲಿಲ್ಲ. ಓದುವಾಗ ನನ್ನ ಎದೆ ಹೊಡೆದುಕೊಂಡದ್ದು ಗುಂಡಿನಿಂದಲ್ಲ, ಬಂದವಳು ಯಾರೆಂದು ತಿಳಿದಾಗ.

ಮೂಲವನ್ನು ಕೆಡಿಸಬೇಡಿ ಎನ್ನುವವರೂ ಇದ್ದಾರೆ. ಯಾವ ಮೂಲ? ಗ್ರಿಮ್ ಸೋದರರ 1812ರ ಮೊದಲ ಆವೃತ್ತಿಯಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. ಮಲತಾಯಿ ಆದದ್ದು ಆಮೇಲಿನ ಆವೃತ್ತಿಯಲ್ಲಿ, ಅವರದೇ ಕೈಯಿಂದ. ನಮ್ಮ ಗುಬ್ಬಕ್ಕನಿಗೆ ಕಲ್ಲಿನ ಮನೆಯಾದರೆ ಮರಾಠಿಯವಳಿಗೆ ಮೇಣದ ಮನೆ. ಸಿಂಡರೆಲಾಗೆ ಕನ್ನಡದಲ್ಲೊಬ್ಬಳು ಬಂಧುವಿದ್ದಾಳೆ, ಹಂಚಿ. ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಆ ಕಥೆಯ ಮೇಲೆ ಬರೆದ ಲೇಖನ 1982ರಲ್ಲಿ ಅಲನ್ ಡಂಡಸ್ ಸಂಪಾದಿಸಿದ ಸಿಂಡರೆಲಾ ಸಂಕಲನದಲ್ಲಿದೆ. ಹಂಚಿಗೆ ಗಾಜಿನ ಚಪ್ಪಲಿ ಇಲ್ಲ. ಚಿನ್ನದ ಕೂದಲಿನ ಈ ಹುಡುಗಿಗೆ ಮಣ್ಣಿನ ಮುಖವಾಡ, ಹಾಗಾಗಿಯೇ ಆ ಹೆಸರು. ಸ್ವಂತ ಅಣ್ಣನೇ ಅವಳನ್ನು ಮದುವೆಯಾಗಬಯಸಿದ್ದಕ್ಕೆ ತಾಯಿ ಆ ಮುಖವಾಡ ಹಾಕಿ ಊರು ಬಿಡಿಸುತ್ತಾಳೆ. ಸ್ವಂತ ಮನೆಯಲ್ಲೇ ಮುಖ ಮುಚ್ಚಿಕೊಳ್ಳಬೇಕಾದ ಹುಡುಗಿಯ ಈ ಕಥೆಯನ್ನು ಇವತ್ತಿನ ಯಾರಾದರೂ ಕಾದಂಬರಿಯಾಗಿ ಬರೆಯಬೇಕು ಎಂಬುದು ನನ್ನ ದೊಡ್ಡ ಆಸೆ.

ಕನ್ನಡದಲ್ಲಿ ಈ ಕೆಲಸ ಹೊಸತೇನಲ್ಲ. ಗಿರೀಶ ಕಾರ್ನಾಡರ 'ನಾಗಮಂಡಲ' ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳ ಮೇಲೆ ನಿಂತಿದೆ. ರಾತ್ರಿ ಗಂಡನ ರೂಪದಲ್ಲಿ ಬರುವ ನಾಗ ಒಂದು ಕಥೆಯಿಂದ ಬಂದವನು. ಇನ್ನೊಂದು ಕಥೆಯಲ್ಲಿ, ಹೆಂಗಸೊಬ್ಬಳು ತನಗೆ ಗೊತ್ತಿದ್ದ ಕಥೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಕ್ಕೆ ಆ ಕಥೆಯೇ ಸೇಡು ತೀರಿಸಿಕೊಳ್ಳುತ್ತದೆ. ನಾಟಕದ ಕೊನೆಯನ್ನೂ ಒಮ್ಮೆ ಹೇಳಿ, ಸಾಲದೆಂದು ಇನ್ನೊಮ್ಮೆ ಬೇರೆ ಹೇಳುತ್ತಾರೆ: ಒಂದರಲ್ಲಿ ನಾಗ ಸಾಯುತ್ತಾನೆ, ಇನ್ನೊಂದರಲ್ಲಿ ನಾಯಕಿ ರಾಣಿ ಎಂಬವಳ ಕೂದಲಲ್ಲಿ ಬದುಕಿರುತ್ತಾನೆ.

ಎಲ್ಲ ಮರುಕಥನವೂ ಗೆಲ್ಲುವುದಿಲ್ಲ. ರಾಕ್ಷಸಿಯನ್ನು ಒಳ್ಳೆಯವಳಾಗಿಸಿ ರಾಜಕುಮಾರನನ್ನು ಕೆಟ್ಟವನಾಗಿಸಿದ ಮಾತ್ರಕ್ಕೆ ಕಥೆ ಹೊಸದಾಗದು, ತಕ್ಕಡಿಯ ತಟ್ಟೆ ಬದಲಾಯಿತು ಅಷ್ಟೆ. ಕಾಗಕ್ಕನ ಕಡೆಯಿಂದ ಬರೆಯುವವರಿಗೆ ಗುಬ್ಬಕ್ಕನ ತೊಟ್ಟಿಲ ಮಗುವೂ ಕಾಣಬೇಕು.

ಮೊನ್ನೆ ಅತ್ತೆಯ ಮಗಳಲ್ಲಿ ಈ ಕಥೆ ನೆನಪಿಸಿದೆ. ಅವಳು ಕೇಳಿದ ಕಥೆಯಲ್ಲಿ ಗುಬ್ಬಕ್ಕ ಬಾಗಿಲು ತೆರೆಯುತ್ತಾಳೆ, ಒದ್ದೆ ಕಾಗಕ್ಕನನ್ನು ಒಲೆಯ ಬದಿಯಲ್ಲಿ ಕೂರಿಸಿ ಗಂಜಿ ಬಡಿಸುತ್ತಾಳೆ. ಅದೇ ಚಾವಡಿ, ಅದೇ ಅಜ್ಜಿ. ಅಮ್ಮನಲ್ಲಿ ಕೇಳಿದೆ. "ಅವಳು ತಾಯಿಯನ್ನು ಬಿಟ್ಟು ಬಂದಿದ್ಳು ಮಗಾ, ಆ ವರ್ಷ ರಾತ್ರಿ ರಾತ್ರಿ ಅಳ್ತಿದ್ಳು" ಎಂದರು ಅಮ್ಮ.